ಡ್ರೋನ್‌ಗೆ ನೀರು ಕಾಣುವುದಿಲ್ಲ

ನಾನು ಭೂವಿಜ್ಞಾನದಲ್ಲಿ ಎಂ.ಎಸ್ಸಿ ಮಾಡುತ್ತಿದ್ದೇನೆ ಎಂದು ಗೊತ್ತಾದಾಗಿನಿಂದ ತಿಪಟೂರು ಕಡೆಯ ನೆಂಟರದ್ದು ಒಂದೇ ಪ್ರಶ್ನೆ: ‘ಡ್ರೋನ್ ತಂದು ಬೋರ್‌ವೆಲ್ ಪಾಯಿಂಟ್ ತೋರಿಸ್ತೀಯೇನಪ್ಪ?’ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ತೋಟ ಸುತ್ತುವವರ ಜಾಗಕ್ಕೆ ಡ್ರೋನ್ ಬಂದಿದೆ ಎಂದು ಅವರ ನಂಬಿಕೆ. ಸಾಲ ಮಾಡಿ ಎರಡು ಮೂರು ಬಾರಿ ಕೊರೆಸಿ, ಬರೀ ದೂಳು ಕಂಡವರು ಕೇಳುವ ಪ್ರಶ್ನೆ ಇದು. ನಕ್ಕು ಸುಮ್ಮನಾಗುವಂತಿಲ್ಲ.

ಡ್ರೋನ್‌ಗೆ ನೀರು ಕಾಣುವುದಿಲ್ಲ. ಅದಕ್ಕೆ ತಿಳಿಯುವುದು ನೆಲದ ವಿದ್ಯುತ್ ವಾಹಕತೆ. ತಂತಿಯ ಸುರುಳಿಯಲ್ಲಿ ಏರಿಳಿಯುವ ವಿದ್ಯುತ್ ಹರಿಸಿದರೆ ಕಾಂತಕ್ಷೇತ್ರ ಹುಟ್ಟಿ, ನೆಲದೊಳಗೆ ಸಣ್ಣ ಸುಳಿ ವಿದ್ಯುತ್ತನ್ನು ಎಬ್ಬಿಸುತ್ತದೆ. ಆ ಸುಳಿಗಳಿಂದ ಹೊಮ್ಮುವ ಕ್ಷೀಣ ಕಾಂತಕ್ಷೇತ್ರವನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿದ, ಪಿಯುಸಿಯಲ್ಲಿ ನಾವೆಲ್ಲ ಅಂಕಕ್ಕಾಗಿ ಬಾಯಿಪಾಠ ಮಾಡಿದ ತತ್ವವೇ ಇದು. ತೇವವಿರುವ ಶಿಥಿಲ ಶಿಲೆಯಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಗಟ್ಟಿ ಗ್ರಾನೈಟ್‌ನಲ್ಲಿ ಇಲ್ಲ. ತೊಡಕೆಂದರೆ, ಜೇಡಿಮಣ್ಣಿನಲ್ಲೂ ಉಪ್ಪುನೀರಿನಲ್ಲೂ ಅದು ಹರಿಯುತ್ತದೆ. ನಕ್ಷೆಯಲ್ಲಿ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಬಣ್ಣ ಬಂದುಬಿಡಬಹುದು.

ನಮ್ಮ ಜಿಲ್ಲೆಗೆ ಈ ವಿದ್ಯೆ ಹೊಸದೇನಲ್ಲ. ಅಂತರ್ಜಲ ಪದರಗಳ ನಕ್ಷೆಗೆಂದು ಕೇಂದ್ರ ಸರ್ಕಾರ ಪ್ರಾಯೋಗಿಕವಾಗಿ ಆರಿಸಿಕೊಂಡ ಆರು ತಾಣಗಳಲ್ಲಿ ತುಮಕೂರಿನ ಅಂಕಸಂದ್ರ ಜಲಾನಯನವೂ ಒಂದು. ಹೈದರಾಬಾದಿನ ಎನ್‌ಜಿಆರ್‌ಐ ಅಲ್ಲಿ ಹೆಲಿಕಾಪ್ಟರ್‌ಗೆ ದೊಡ್ಡ ಸುರುಳಿ ತೂಗುಹಾಕಿ ಸಮೀಕ್ಷೆ ಮಾಡಿತ್ತು. ಅಷ್ಟು ಭಾರವನ್ನು ಡ್ರೋನ್ ಹೊರಲಾರದು. ಸುರುಳಿ ಚಿಕ್ಕದಾಗಿ ಕರೆಂಟ್ ಕಡಿಮೆಯಾದಷ್ಟೂ ನೋಟ ಮೇಲುಮೇಲಕ್ಕೇ ನಿಲ್ಲುತ್ತದೆ: ಕೆಲವು ಮೀಟರ್, ಹೆಚ್ಚೆಂದರೆ ಕೆಲವು ಹತ್ತು ಮೀಟರ್. ಸಾವಿರ ಅಡಿ ಕೆಳಗಿನ ಬಂಡೆಯ ಬೆರಳಗಲದ ಬಿರುಕು ಅದರ ಕೈಗೆ ಸಿಗುವುದಿಲ್ಲ. ‘ಡ್ರೋನ್‌ನಿಂದ ಗ್ಯಾರಂಟಿ ಪಾಯಿಂಟ್’ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಹಾಗೆಂದು ಇದು ಕೆಲಸಕ್ಕೆ ಬಾರದ ಯಂತ್ರವಲ್ಲ. ಶಿಥಿಲ ಪದರ ಎಲ್ಲಿ ದಪ್ಪವಾಗಿದೆ ಎಂದು ತಿಳಿದರೆ ಇಂಗುಗುಂಡಿಯನ್ನು ಎಲ್ಲಿ ತೋಡಬೇಕೆಂದು ತೀರ್ಮಾನಿಸಬಹುದು. ಕಸದ ಗುಡ್ಡೆಯ ಕೊಳಕು ನೀರು ಯಾವ ಕಡೆ ಇಳಿಯುತ್ತಿದೆ, ಕರಾವಳಿಯ ಬಾವಿಗಳತ್ತ ಉಪ್ಪುನೀರು ಎಲ್ಲಿಯವರೆಗೆ ನುಗ್ಗಿದೆ ಎಂಬ ಸುಳಿವೂ ಸಿಗುತ್ತದೆ. ಕಾಲಿಡಲಾಗದ ಕೆಸರು, ಮುಳ್ಳುಪೊದೆಗಳ ಮೇಲೂ ಹಾರಬಹುದು.

ಕಷ್ಟವಿರುವುದು ಹಾರಾಟದ ನಂತರ. ಡ್ರೋನ್‌ನ ಮೋಟಾರುಗಳೇ ಕಾಂತೀಯ ಗದ್ದಲ ಎಬ್ಬಿಸುವುದರಿಂದ ಸೆನ್ಸರನ್ನು ಹಗ್ಗದಲ್ಲಿ ಕೆಲವು ಮೀಟರ್ ಕೆಳಗೆ ತೂಗುಬಿಡುತ್ತಾರೆ. ಗಾಳಿಗೆ ಅದು ಓಲಾಡುತ್ತದೆ. ಪಂಪ್‌ಸೆಟ್ಟಿನ ಲೈನ್, ತಂತಿಬೇಲಿ ಎಲ್ಲವೂ ಅಳತೆಯೊಳಗೆ ನುಸುಳುತ್ತವೆ. ಇಷ್ಟನ್ನೂ ಸೋಸಿದ ಮೇಲೆ ಉಳಿಯುವ ಒಂದು ವಕ್ರರೇಖೆಗೆ ಹತ್ತಾರು ಬಗೆಯ ಪದರಜೋಡಣೆ ಹೊಂದುತ್ತದೆ. ಸರಿಯಾದದ್ದನ್ನು ಆರಿಸಲು ಆ ಊರಿನ ಕಲ್ಲು ಗೊತ್ತಿರಬೇಕು, ಹತ್ತಿರದ ಬೋರ್‌ವೆಲ್ ಕೊರೆದಾಗ ಯಾವ ಆಳದಲ್ಲಿ ಏನು ಬಂತೆಂದು ರೈತರನ್ನೇ ಕೇಳಬೇಕು.

ಕೆಲಸ ಹುಡುಕುವವರಿಗೆ ಇದನ್ನೇಕೆ ಹೇಳುತ್ತಿದ್ದೇನೆಂದರೆ, 2021ರ ಡ್ರೋನ್ ನಿಯಮಗಳ ಪ್ರಕಾರ ಹತ್ತನೇ ತರಗತಿ ಪಾಸಾಗಿ 18 ತುಂಬಿದವರು ತರಬೇತಿ ಪಡೆದು ಪೈಲಟ್ ಪ್ರಮಾಣಪತ್ರ ಪಡೆಯಬಹುದು. ನನ್ನ ಗೆಳೆಯರು ಅದರ ಹಿಂದೆ ಬಿದ್ದಿದ್ದಾರೆ. ಬೀಳಲಿ. ಆದರೆ ಹಾರಿಸಲು ಬರುವವರು ಹೆಚ್ಚುತ್ತಿದ್ದಾರೆ, ಆ ವಕ್ರರೇಖೆ ಓದಬಲ್ಲವರು ಕಡಿಮೆ. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಮತ್ತು ಕೇಂದ್ರ ಅಂತರ್ಜಲ ಮಂಡಳಿಯ ಹುದ್ದೆಗಳಿಗೆ ಯುಪಿಎಸ್‌ಸಿ ಪ್ರತ್ಯೇಕವಾಗಿ ಭೂವಿಜ್ಞಾನಿಗಳ ಸಂಯುಕ್ತ ಪರೀಕ್ಷೆ ನಡೆಸುತ್ತದೆ. ಅದರ ಭೂಭೌತಶಾಸ್ತ್ರ ವಿಭಾಗಕ್ಕೆ ಭೌತವಿಜ್ಞಾನದಲ್ಲಿ ಎಂ.ಎಸ್ಸಿ ಮಾಡಿದವರೂ ಅರ್ಜಿ ಹಾಕಬಹುದು.