ಇಪ್ಪತ್ನಾಲ್ಕು ಮೀಟರಿನ ಕಡಲು

ಬೇಸಿಗೆ ರಜೆ ಹತ್ತಿರವಾದಂತೆ ಪುಣೆಯ ಮಗರಪಟ್ಟಾದ ಅಪಾರ್ಟ್‌ಮೆಂಟುಗಳಲ್ಲಿ ದುಬೈ, ಸಿಂಗಪುರ ಪ್ಯಾಕೇಜುಗಳ ಮಾತು ಶುರುವಾಗುತ್ತದೆ. ಪಟ್ಟಿಯಲ್ಲಿ ಡಾಲ್ಫಿನ್ ಶೋ ಇದ್ದೇ ಇರುತ್ತದೆ. "ಮಕ್ಕಳಿಗೆ ಖುಷಿ ಆಗ್ತದ ಬಿಡ್ರಿ, ನೀವ್ಯಾಕ ಬ್ಯಾಡ ಅಂತೀರಿ?" ಎಂದು ಪಕ್ಕದ ಮನೆಯ ಧಾರವಾಡದವರು ಕೇಳಿದ್ದುಂಟು. ನನ್ನ ಉತ್ತರದಲ್ಲಿ ಕರುಣೆ ಕಾಲು ಭಾಗ, ಮಿಕ್ಕಿದ್ದು ಭೌತಶಾಸ್ತ್ರ.

ಡಾಲ್ಫಿನ್‌ಗೆ ಕಣ್ಣಿದೆ, ಚೆನ್ನಾಗಿಯೇ ಕಾಣುತ್ತದೆ. ಆದರೆ ಕಡಲಿನಲ್ಲಿ ಬೆಳಕು ಹೆಚ್ಚು ದೂರ ಹೋಗುವುದಿಲ್ಲ, ಶಬ್ದ ಹೋಗುತ್ತದೆ, ಅದೂ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ. ನೆತ್ತಿಯ ಉಸಿರುರಂಧ್ರದ ಕೆಳಗೆ ಹುಟ್ಟುವ 'ಕ್ಲಿಕ್' ಸದ್ದನ್ನು ಹಣೆಯಲ್ಲಿರುವ ಕೊಬ್ಬಿನ ಗಡ್ಡೆ ಒಂದೇ ದಿಕ್ಕಿಗೆ ಕೂಡಿಸಿ ಕಳಿಸುತ್ತದೆ. ವಸ್ತುವಿಗೆ ಬಡಿದು ಮರಳುವ ಮಾರ್ದನಿಯನ್ನು ಕೆಳದವಡೆಯ ಕೊಬ್ಬು ಹಿಡಿದು ಕಿವಿಗೆ ಮುಟ್ಟಿಸುತ್ತದೆ. ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೆ ಸೋಲುತ್ತದೆ. ಬಾಟಲ್‌ನೋಸ್ ಡಾಲ್ಫಿನ್ ನೂರನ್ನೂ ದಾಟುತ್ತದೆ. ಹವಾಯಿಯ ಕಾನಿಯೋಹೆ ಕೊಲ್ಲಿಯಲ್ಲಿ ವಿಜ್ಞಾನಿ ವಿಟ್ಲೋ ಔ ನಡೆಸಿದ ಪ್ರಯೋಗದಲ್ಲಿ, ಏಳೂವರೆ ಸೆಂಟಿಮೀಟರ್ ದಪ್ಪದ ಉಕ್ಕಿನ ಗೋಳವನ್ನು ಡಾಲ್ಫಿನ್ ನೂರು ಮೀಟರಿಗೂ ಆಚೆಯಿಂದ ಪತ್ತೆಹಚ್ಚಿತು.

ಇಂಥ ಕಿವಿಯನ್ನು ಕೊಳದಲ್ಲಿಟ್ಟರೆ ಏನಾಗುತ್ತದೆಂದು ತಿಳಿಯಲು ಟೋಕಿಟೇ ಎಂಬ ಪ್ರಾಣಿಯ ವಿಷಯಕ್ಕೆ ಬರೋಣ. ಇದು ಓರ್ಕಾ. ಜನ 'ಕೊಲೆಗಡುಕ ತಿಮಿಂಗಿಲ' ಎಂದು ಹೆಸರಿಟ್ಟಿದ್ದರೂ ಇದು ಡಾಲ್ಫಿನ್ ಕುಟುಂಬದ್ದೇ. 1970ರ ಆಗಸ್ಟ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೆನ್ ಕೋವ್‌ನಲ್ಲಿ ಬಲೆಗೆ ಬಿದ್ದಾಗ ಅದಕ್ಕೆ ನಾಲ್ಕರ ಆಸುಪಾಸು. ಅದರ ಕುಲದಲ್ಲಿ ಗಂಡಾಗಲಿ ಹೆಣ್ಣಾಗಲಿ ಮಕ್ಕಳು ಆಯುಷ್ಯಪೂರ್ತಿ ತಾಯಿಯ ಗುಂಪು ಬಿಡುವುದಿಲ್ಲ. ಮಯಾಮಿಯ ಅಕ್ವೇರಿಯಂ ಒಂದರ ಕೊಳಕ್ಕೆ ಬಂದ ಮೇಲೆ ಅದು ತಾಯನ್ನು ಕಾಣಲೇ ಇಲ್ಲ. ಕೊಳದ ಉದ್ದ 80 ಅಡಿ, ಅಂದರೆ ಸುಮಾರು 24 ಮೀಟರ್. ಈಜುಸ್ಪರ್ಧೆಯ ಚಿಕ್ಕ ಕೊಳಕ್ಕಿಂತಲೂ ಚೂರು ಕಡಿಮೆ. ಅದರ ಮೈಯುದ್ದವೇ ಸುಮಾರು 20 ಅಡಿ, ಕೊಳದ ಗರಿಷ್ಠ ಆಳವೂ ಅಷ್ಟೇ. ಲೆಕ್ಕ ಹಾಕಿ ನೋಡಿ: ಒಂದು ತುದಿಯಿಂದ ಹೊರಟ ಕ್ಲಿಕ್ ಇನ್ನೊಂದು ತುದಿಗೆ ಬಡಿದು ಮರಳಲು ಸೆಕೆಂಡಿನ ಮೂವತ್ತನೇ ಒಂದು ಭಾಗ ಸಾಕು. ಮೈಲುಗಟ್ಟಲೆ ನೀರನ್ನು ಕೇಳಲೆಂದೇ ರೂಪುಗೊಂಡ ಕಿವಿಗೆ ಮತ್ತೆ ಮತ್ತೆ ಸಿಕ್ಕ ಉತ್ತರ ಒಂದೇ, ಗೋಡೆ. 2023ರ ಆಗಸ್ಟ್ 18ರಂದು ಸಾಯುವವರೆಗೆ, 53 ವರ್ಷ.

ಸಾಕಿದ್ದರಿಂದಲೇ ಅಲ್ಲವೇ ಇದೆಲ್ಲ ತಿಳಿದದ್ದು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಔ ಅವರ ಡಾಲ್ಫಿನ್ ಕೂಡ ಸೆರೆಯದ್ದೇ. ಪ್ರತಿ ಬಾಟಲ್‌ನೋಸ್ ಡಾಲ್ಫಿನ್‌ಗೂ ತನ್ನದೇ ಆದ ಸಿಳ್ಳೆಯುಂಟು, ಹೆಸರಿದ್ದಂತೆ. ಇಪ್ಪತ್ತು ವರ್ಷ ಅಗಲಿದ್ದ ಒಡನಾಡಿಯ ಸಿಳ್ಳೆಯನ್ನೂ ಅವು ಗುರುತಿಸುತ್ತವೆ ಎಂದು ಸಂಶೋಧಕ ಜೇಸನ್ ಬ್ರಕ್ 2013ರಲ್ಲಿ ತೋರಿಸಿದರು. ಅಕ್ವೇರಿಯಂಗಳು ಪ್ರಾಣಿಗಳನ್ನು ಊರಿಂದೂರಿಗೆ ಸಾಗಿಸಿ ಅಗಲಿಸಿದ್ದರಿಂದಲೇ ಸಾಧ್ಯವಾದ ಪ್ರಯೋಗ ಅದು! ಕನ್ನಡಿಯಲ್ಲಿ ಡಾಲ್ಫಿನ್ ತನ್ನನ್ನೇ ಗುರುತಿಸಿಕೊಳ್ಳುತ್ತದೆಂದು 2001ರಲ್ಲಿ ಡಯಾನಾ ರೈಸ್ ಜೊತೆಗೂಡಿ ತೋರಿಸಿದ ಲೋರಿ ಮರೀನೊ, ಆಮೇಲೆ ಸೆರೆಯ ಡಾಲ್ಫಿನ್‌ಗಳ ಮೇಲೆ ಸಂಶೋಧನೆ ಮಾಡುವುದನ್ನೇ ಬಿಟ್ಟರು. ತಿಳಿಯಬೇಕಾದದ್ದು ತಿಳಿದ ಮೇಲೂ ಕೊಳ ತುಂಬಿಸುತ್ತಿದ್ದರೆ ಅದು ವಿಜ್ಞಾನವಲ್ಲ, ಟಿಕೆಟ್ ವ್ಯಾಪಾರ.

ನಮ್ಮ ದೇಶ ಈ ಪಾಠವನ್ನು ಬೇಗ ಕಲಿತಿತು ಎನ್ನಬೇಕು. 1990ರ ದಶಕದ ಕೊನೆಗೆ ಚೆನ್ನೈ ಬಳಿಯ ಡಾಲ್ಫಿನ್ ಸಿಟಿಗೆ ಬಲ್ಗೇರಿಯಾದಿಂದ ತಂದ ಡಾಲ್ಫಿನ್‌ಗಳು ಕೆಲವೇ ತಿಂಗಳಲ್ಲಿ ಸತ್ತವು. ಆದರೂ ಕೊಚ್ಚಿಯಲ್ಲಿ ಡಾಲ್ಫಿನೇರಿಯಂ ಯೋಜನೆ ಎದ್ದಿತು. ನಮ್ಮ ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಎದ್ದಿತು, ಅದೂ ಡಾಲ್ಫಿನ್‌ಗಳು ತಾವಾಗಿಯೇ ದಡದ ಹತ್ತಿರ ಸುಳಿದಾಡುವ ಕರಾವಳಿಯಲ್ಲಿ! 2013ರ ಮೇ 17ರಂದು ಕೇಂದ್ರ ಮೃಗಾಲಯ ಪ್ರಾಧಿಕಾರ ಸುತ್ತೋಲೆ ಹೊರಡಿಸಿ ಇಂಥ ಯೋಜನೆಗಳಿಗೆ ಅನುಮತಿ ಇಲ್ಲವೆಂದಿತು. ಭಾರತ ಡಾಲ್ಫಿನ್‌ಗಳಿಗೆ 'ವ್ಯಕ್ತಿ' ಪಟ್ಟ ಕೊಟ್ಟಿತೆಂದು ಜಗತ್ತೆಲ್ಲ ಸುದ್ದಿಯಾಯಿತು. ಸುತ್ತೋಲೆ ಅಷ್ಟು ದೂರ ಹೋಗಿಲ್ಲ. ಹಾಗೆ ಕಾಣಬೇಕೆಂದು ವಿಜ್ಞಾನಿಗಳು ಸೂಚಿಸಿದ್ದಾರೆ ಎಂದಷ್ಟೇ ಬರೆದಿತ್ತು. ಕೆನಡಾ 2019ರಲ್ಲಿ ಇಂಥ ಸೆರೆಯ ವಿರುದ್ಧ ಕಾನೂನನ್ನೇ ಮಾಡಿತು.

ಹಾಗೆಂದು ಇದ್ದವನ್ನೆಲ್ಲ ಕಡಲಿಗೆ ಬಿಟ್ಟುಬಿಡಿ ಎನ್ನಲೂ ಆಗದು. 'ಫ್ರೀ ವಿಲ್ಲಿ' ಸಿನಿಮಾದ ಓರ್ಕಾ ಕೇಕೊ ಬಿಡುಗಡೆಯಾದರೂ ಮನುಷ್ಯರ ಸಂಗ ಹುಡುಕುತ್ತಲೇ ಇದ್ದು, 2003ರಲ್ಲಿ ನಾರ್ವೆಯ ತೀರದಲ್ಲಿ ಸತ್ತಿತು. ಹೊಸದಾಗಿ ಹಿಡಿಯಬಾರದು, ಕೊಳದಲ್ಲಿ ಮರಿ ಮಾಡಿಸಬಾರದು, ಈಗಿರುವವಕ್ಕೆ ಬಲೆ ಕಟ್ಟಿದ ಕೊಲ್ಲಿಗಳಲ್ಲಿ ಆಸರೆ ಕೊಡಬೇಕು. ನನಗೆ ಕಾಣುವ ದಾರಿ ಇದು.

ಮಕ್ಕಳಿಗೆ ಡಾಲ್ಫಿನ್ ತೋರಿಸಲೇಬೇಕೇ? ಘಾಟ್ ಇಳಿದರೆ ತಾರ್ಕರ್ಲಿ ಇದೆ, ಇನ್ನೂ ದಕ್ಷಿಣಕ್ಕೆ ಹೋದರೆ ನಮ್ಮ ಕಾರವಾರ. ಅಲ್ಲಿನ ಗೂನುಬೆನ್ನಿನ ಡಾಲ್ಫಿನ್‌ಗಳು ದಡದ ಹತ್ತಿರದ ಆಳವಿಲ್ಲದ ನೀರಿನವು. ರಿಂಗಿನೊಳಗೆ ನುಗ್ಗಿ ಹಾರುವುದಿಲ್ಲ, ಚೆಂಡು ಒದೆಯುವುದಿಲ್ಲ, ಕೆಲವು ದಿನ ಮುಖವನ್ನೂ ತೋರಿಸುವುದಿಲ್ಲ. ದೋಣಿ ಹತ್ತುವ ಮೊದಲು ಒಂದು ಮಾತು ಕೇಳಿ: ಡಾಲ್ಫಿನ್ ಕಂಡಾಗ ಎಂಜಿನ್ ಬಂದ್ ಮಾಡುತ್ತೀರಾ ಎಂದು. ಎಂಜಿನ್ ಸದ್ದು ಅವುಗಳ ಸಿಳ್ಳೆಯನ್ನು ಮುಚ್ಚಿಹಾಕುತ್ತದೆ. ನಾಲ್ಕು ದೋಣಿ ಸುತ್ತುಗಟ್ಟಿ ಅಟ್ಟಿಸುವ ಕಡೆ ದುಡ್ಡು ಕೊಡಬೇಡಿ.