ಮೂರನೆಯವರ ಹೆಸರಿನ ರಫ್ತು ಮತ್ತು ಕಾಗದಪತ್ರಗಳ ಶುಲ್ಕ

ನಮ್ಮ ಪುರ್ತಗೇರಿಯ ರೈತನು ಪೇಟೆಯಿಂದ ತಂದ ಪಟ್ಟಿಯಲ್ಲಿ ದಲಾಲಿ, ಹಮಾಲಿ, ತೂಕ ಎಂದು ಮೂರು ಕಡಿತಗಳಿರುತ್ತವೆ. ಅಕ್ಷರ ಬಾರದವರೂ ಅವನ್ನು ಬಲ್ಲರು. ಹೋದ ವರ್ಷ ಗಜೇಂದ್ರಗಡದ ನನ್ನ ಸೋದರಮಾವನವರು ತಂದ ಪಟ್ಟಿಯೇ ಬೇರೆ. “ನೀ ಬಿ.ಎ. ಓದಾಕತ್ತೀಯಲ್ಲಪಾ, ಇದರಾಗ ಏನೈತಿ ನೋಡು” ಎಂದರು. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ಓದಲು ಬಂದಿತು, ಅರ್ಥವಾಗಲಿಲ್ಲ. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಮಾವನವರದು ಖಾರ ಕುಟ್ಟುವ ಸಣ್ಣ ಗಿರಣಿ. ದುಬೈಯ ಅಂಗಡಿಕಾರನೊಬ್ಬನಿಗೆ ಅವರ ಖಾರದ ಪುಡಿ ಬೇಕಾಯಿತು. ಪರದೇಶಕ್ಕೆ ಮಾಲು ಕಳಿಸುವವನಿಗೆ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು. ಅದಕ್ಕೆ ಸರಕಾರದ ಶುಲ್ಕ 500 ರೂಪಾಯಿ ಮಾತ್ರ. ಆದರೆ ಮೆಣಸಿನಕಾಯಿ ಸಾಂಬಾರ ಪದಾರ್ಥವಾದ್ದರಿಂದ 1986ರ ಕಾಯಿದೆಯಂತೆ ಸಾಂಬಾರ ಮಂಡಳಿಯಲ್ಲಿಯೂ ನೋಂದಣಿ ಆಗಬೇಕು. ಮಾವನವರಲ್ಲಿ ಎರಡೂ ಇರಲಿಲ್ಲ. ಪರಊರಿನ ವರ್ತಕನೊಬ್ಬನ ಹೆಸರಿನಲ್ಲಿ ಮಾಲು ಹಡಗು ಹತ್ತಿತು.

ಇದೇನೂ ಕಳ್ಳದಾರಿಯಲ್ಲ. ವಿದೇಶ ವ್ಯಾಪಾರ ನೀತಿಯು ಇದನ್ನು ಮೂರನೆಯವರ ರಫ್ತು ಎಂದು ಒಪ್ಪಿದೆ. 1962ರ ಕಸ್ಟಮ್ಸ್ ಕಾಯಿದೆಯ 50ನೆಯ ಕಲಮಿನಂತೆ ಸಲ್ಲಿಸುವ ಶಿಪ್ಪಿಂಗ್ ಬಿಲ್ಲಿನಲ್ಲಿ ತಯಾರಿಸಿದವನ ಹೆಸರೂ ರಫ್ತುದಾರನ ಹೆಸರೂ ಎರಡೂ ಇರಬೇಕೆಂಬುದು ಷರತ್ತು. ಬೇಡಿಕೆಪತ್ರ, ಬೀಜಕ, ಬ್ಯಾಂಕಿನ ಪ್ರಮಾಣಪತ್ರಗಳು ಮಾತ್ರ ರಫ್ತುದಾರನ ಹೆಸರಿನಲ್ಲಿ.

ಹಡಗಿನಲ್ಲಿ ಸ್ಥಳ ಗೊತ್ತುಮಾಡುವವನು ಫಾರ್ವರ್ಡರ್. ಸುಂಕದ ಕಾಗದ ಮಾಡುವವನು ಪರವಾನಗಿ ಪಡೆದ ಕಸ್ಟಮ್ಸ್ ದಲ್ಲಾಳಿ. ಹಲವೆಡೆ ಒಂದೇ ಕಚೇರಿ ಎರಡನ್ನೂ ಮಾಡುತ್ತದೆ. 2018ರ ನಿಯಮಗಳ ಪ್ರಕಾರ ದಲ್ಲಾಳಿಯು ಕಕ್ಷಿದಾರನ ಅಧಿಕಾರಪತ್ರ ಪಡೆದು, ಅವನ ಸಂಕೇತ ಸಂಖ್ಯೆ, ಗುರುತು, ವಿಳಾಸಗಳನ್ನು ಪರಿಶೀಲಿಸಬೇಕು. ತಪ್ಪಿದರೆ ಪರವಾನಗಿಗೇ ಕುತ್ತು. ಇಬ್ಬರ ಹೆಸರಿದ್ದಲ್ಲಿ ಹೆಚ್ಚು ಕೇಳುವುದು ಅನ್ಯಾಯವೆಂದು ನಾನು ಹೇಳಲಾರೆ.

ಆದರೆ ಮಾವನವರ ಪಟ್ಟಿಯನ್ನು ನೋಡಿರಿ. ಏಜನ್ಸಿ 3,000, ಮೂರನೆಯವರ ದಾಖಲೆ 4,500, ಲಾರಿ, ಬಂದರು, ಪರೀಕ್ಷಾಲಯ ಸೇರಿ 21,500. ಒಟ್ಟು 29,000ದ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 5,220 ರೂಪಾಯಿ. ಇಲ್ಲಿಯೇ ತಿಳಿಯಬೇಕಾದ ಮಾತಿದೆ. ಏಜಂಟನು ಕಕ್ಷಿದಾರನ ಒಪ್ಪಿಗೆಯಿಂದ, ಅವನ ಪರವಾಗಿ ಬೇರೆಯವರಿಗೆ ಹಣ ಕಟ್ಟಿ, ಅಷ್ಟನ್ನೇ ಪಟ್ಟಿಯಲ್ಲಿ ಬೇರೆಯಾಗಿ ತೋರಿಸಿ ವಸೂಲು ಮಾಡಿದರೆ ಜಿ.ಎಸ್.ಟಿ. ನಿಯಮ 33ರಂತೆ ಆ ಮೊತ್ತದ ಮೇಲೆ ಮತ್ತೆ ತೆರಿಗೆ ಹಾಕುವಂತಿಲ್ಲ. ಹಾಗಾದಲ್ಲಿ ತೆರಿಗೆ 7,500ರ ಮೇಲೆ ಮಾತ್ರ, ಎಂದರೆ 1,350 ರೂಪಾಯಿ. ಅದೆಲ್ಲವೂ ತನ್ನದೇ ಸೇವೆ ಎಂದು ಏಜಂಟನು ಮಾರಿದ್ದರೆ ಪೂರ್ತಿ ತೆರಿಗೆಯೇ ಸರಿ. ಯಾವುದೆಂದು ರಸೀದಿಗಳಿಂದಲೇ ತಿಳಿಯಬೇಕು. ಪಟ್ಟಿಗೆ ಒಂದು ರಸೀದಿಯನ್ನೂ ಲಗತ್ತಿಸಿರಲಿಲ್ಲ.

ಶಿಪ್ಪಿಂಗ್ ಬಿಲ್ಲಿನ ಪ್ರತಿಯನ್ನು ಕೇಳಿ ತರಿಸಿದೆವು. ಅದರಲ್ಲಿ ವರ್ತಕನ ಹೆಸರಷ್ಟೇ ಇದ್ದಿತು. 4,500 ರೂಪಾಯಿ ಕೊಟ್ಟ ಗಿರಣಿಯ ಹೆಸರು ಎಲ್ಲಿಯೂ ಇಲ್ಲ. ಮಾವನವರು ಬಹಳ ಹೊತ್ತು ಅದನ್ನು ತಿರುವಿ ತಿರುವಿ ನೋಡಿ, “ಖಾರ ನಮ್ದು, ಹೆಸರು ಅವರ್ದು” ಎಂದರು.

ಏಜಂಟನಿಂದ ಈವರೆಗೆ ಎರಡು ರಸೀದಿಗಳು ಬಂದಿವೆ. ಸಂಕೇತ ಸಂಖ್ಯೆಯ ಅರ್ಜಿಯನ್ನು ಮಾವನವರ ಹೆಸರಿನಲ್ಲಿ ನಾನೇ ತುಂಬಿಕೊಟ್ಟಿದ್ದೇನೆ.