ಎರೆಮಣ್ಣಿನ ಸಾರ, ಕುಡಿಯುವ ನೀರು

ಈ ಸುವರ್ಣ ಮಹೋತ್ಸವ ಸಂಚಿಕೆಗೆ ವಿಜ್ಞಾನ ಲೇಖನವೊಂದು ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಮ್ಮ ಮಣ್ಣು ಮತ್ತು ನೀರಿನ ವಿಷಯವನ್ನೇ ಆರಿಸಿಕೊಂಡೆನು.

ಒಂದು ಹಿಡಿ ಕೊಟ್ಟಿಗೆ ಗೊಬ್ಬರವನ್ನು ನೀರಿನಲ್ಲಿ ನೆನೆಸಿ ಬಟ್ಟೆಯಲ್ಲಿ ಸೋಸಿರಿ. ಕಸ ಮೇಲುಳಿಯುತ್ತದೆ, ಕೆಳಗಿಳಿದ ನೀರಿಗೆ ಮಾತ್ರ ಚಹಾದ ಬಣ್ಣವಿರುತ್ತದೆ. ಕೊಳೆತ ಎಲೆ, ಬೇರು, ಸಗಣಿಗಳಿಂದ ನೀರಿಗೆ ಬಿಟ್ಟುಕೊಂಡ ಈ ಅಂಶವೇ ‘ಕರಗಿದ ಜೈವಿಕ ದ್ರವ್ಯ’.

ಉತ್ತರಧ್ರುವದ ಸುತ್ತಲಿನ ಹೆಪ್ಪುಗಟ್ಟಿದ ನೆಲದಲ್ಲಿ ಇಂತಹ ಜೈವಿಕ ವಸ್ತು ಅಪಾರವಾಗಿದೆ. ಅದರಲ್ಲಿರುವ ಇಂಗಾಲ ಸುಮಾರು 1.5 ಲಕ್ಷ ಕೋಟಿ ಟನ್. ವಾಯುಮಂಡಲದಲ್ಲಿರುವುದಕ್ಕಿಂತಲೂ ಬಹಳ ಹೆಚ್ಚು. ಅಲ್ಲಿಯ ಟಂಡ್ರಾದಲ್ಲಿ ಬೇಸಿಗೆಗೆ ಮೇಲ್ಪದರ ಮಾತ್ರ ಕರಗುತ್ತದೆ. ಕೆಳಗಿನ ಹಿಮ ತಡೆಯುವುದರಿಂದ ನೀರು ಪಕ್ಕಕ್ಕೆ ಹರಿದು, ಈ ಸಾರವನ್ನು ತೊರೆಗಳಿಗೆ ಒಯ್ಯುತ್ತದೆ. ಸೂಕ್ಷ್ಮಜೀವಿಗಳು ಅದನ್ನು ತಿಂದು ಇಂಗಾಲಾಮ್ಲವನ್ನು ಗಾಳಿಗೆ ಬಿಡುತ್ತವೆ. ಭೂಮಿ ಬಿಸಿಯಾದಷ್ಟೂ ಕರಗುವ ಪದರದ ಆಳ ಹೆಚ್ಚುತ್ತದೆ.

ನಮ್ಮ ಆದೋನಿ ಸೀಮೆಯ ಎರೆಭೂಮಿಯಲ್ಲಿ ಹಿಮವಿಲ್ಲ, ಜಿಗುಟು ಮಣ್ಣಿದೆ. ಬೇಸಿಗೆಯಲ್ಲಿ ಬಾಯ್ಬಿಟ್ಟ ಬಿರುಕುಗಳಲ್ಲಿ ಮೊದಲ ಮಳೆ ಆಳಕ್ಕಿಳಿಯುತ್ತದೆ. ಮಣ್ಣು ನೆನೆದು ಉಬ್ಬಿದಾಗ ಬಿರುಕು ಮುಚ್ಚಿ, ನೀರು ಹಳ್ಳದ ದಾರಿ ಹಿಡಿಯುತ್ತದೆ. ಮಣ್ಣು ಕಪ್ಪಾದ ಮಾತ್ರಕ್ಕೆ ಸಾರ ಹೇರಳವೆಂದು ತಿಳಿಯಬಾರದು. ಜೈವಿಕ ಇಂಗಾಲ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ. ಇರುವಷ್ಟನ್ನು ಜಿಗುಟು ಕಣಗಳೂ ಸುಣ್ಣವೂ ಹಿಡಿದಿಟ್ಟಿವೆ.

1953ರಲ್ಲಿ ನಮ್ಮ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಆದರೂ ತುಂಗಭದ್ರೆಯ ನಂಟು ಉಳಿದಿದೆ. ಮಲೆನಾಡಿನ ತರಗೆಲೆಗಳ ಸಾರವನ್ನು ಹೊತ್ತ ನೀರು ಹೊಸಪೇಟೆಯ ಅಣೆಕಟ್ಟಿಗೆ ಬಂದು, ಕೆಳಮಟ್ಟದ ಕಾಲುವೆಯಿಂದ ನಮ್ಮ ಕಡೆಗೆ ಹರಿಯುತ್ತದೆ. ಪಟಿಕ ಹಾಕಿದರೆ ಕದಡು ತಳಕ್ಕಿಳಿಯುತ್ತದೆ, ಕರಗಿದ್ದೆಲ್ಲವೂ ಇಳಿಯುವುದಿಲ್ಲ. ಉಳಿದುದು ಕ್ಲೋರಿನ್ನಿನೊಡನೆ ಬೆರೆತರೆ ಕ್ಲೋರೋಫಾರಂ ಮೊದಲಾದ ಅನಿಷ್ಟ ವಸ್ತುಗಳು ಹುಟ್ಟುತ್ತವೆ. ಹಾಲೆಂಡಿನ ರೂಕ್ ಎಂಬ ವಿಜ್ಞಾನಿ 1974ರಲ್ಲಿ ಇದನ್ನು ಪ್ರಕಟಿಸಿದರು. ಹಾಗೆಂದು ಕ್ಲೋರಿನ್ನನ್ನು ಬಿಡಲಾಗದು. ಬಿಟ್ಟರೆ ಕಾಲರಾ, ವಿಷಮಶೀತಜ್ವರಗಳ ಭಯ. ನೀರಿಗೆ ಸೇರುವ ಕೊಳೆಯನ್ನು ಮೊದಲೇ ತಡೆಯುವುದೇ ವಿವೇಕ.

ಆದ್ದರಿಂದ ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ವಿನಂತಿ ಎರಡು. ಹತ್ತಿಕಟ್ಟಿಗೆಯನ್ನು ಹೊಲದಲ್ಲಿ ಸುಡಬೇಡಿರಿ. ಕತ್ತರಿಸಿ ಗೊಬ್ಬರ ಮಾಡಿರಿ. ಕೆರೆ, ಕಾಲುವೆಗಳ ದಂಡೆಯಲ್ಲಿ ತಿಪ್ಪೆ ಹಾಕಬೇಡಿರಿ. ಹೊಲಕ್ಕೆ ಅಮೃತವಾದ ಸಾರವೇ ಕುಡಿಯುವ ನೀರಿಗೆ ಸೇರಿದರೆ ಕೇಡು. ನಮ್ಮ ಶಾಲೆಯ ಮಕ್ಕಳಿಗೆ ಈ ಪಾಠ ಮನೆಯಲ್ಲಿಯೂ ದೊರೆಯಲಿ.